ಹಾಳು ರೋಲಿಗೆ ಒಂಬೈನೂರು ರೂಪಾಯಿ

ಮೂಡುಬಿದಿರೆಯಲ್ಲಿ ಒಂದು ಕಾಲದಲ್ಲಿ ಯಾರಿಗಾದರೂ ತಮ್ಮ ಮುಖದ ಬಗ್ಗೆ ನಿಜ ತಿಳಿಯಬೇಕಿದ್ದರೆ ಅನಂತಮತಿಯಮ್ಮನ ಸ್ಟುಡಿಯೋದ ಮೆಟ್ಟಿಲು ಹತ್ತಿದರೆ ಸಾಕಿತ್ತು. ಗಂಡಿನ ಕಡೆಗೆ ಕಳಿಸಲು ಮಗಳ ಫೋಟೋ ಬೇಕೆಂದು ಬಂದ ತಾಯಂದಿರಿಗೆ, "ಇದು ಪೌಡರ್ ಹಾಕಿದ್ದಾ, ಗೋಡೆಗೆ ಸುಣ್ಣ ಬಳಿದದ್ದಾ? ತೊಳೆಸಿಕೊಂಡು ಬನ್ನಿ" ಎನ್ನುತ್ತಿದ್ದರು. ದುಬೈಗೆ ಹೊರಟ ಹುಡುಗರಿಗೆ, "ಹಲ್ಲು ಬಿಡಬೇಡ. ಅವರು ನಿನ್ನನ್ನು ಕರೆದದ್ದು ಕೆಲಸಕ್ಕೆ, ನಾಟಕಕ್ಕಲ್ಲ." ಬೈಸಿಕೊಂಡವರು ಮುಖ ಊದಿಸಿಕೊಂಡು ಇಳಿಯುತ್ತಿದ್ದರು, ಮುಂದಿನ ವರ್ಷ ತಂಗಿಯನ್ನು ಕರೆದುಕೊಂಡು ಮತ್ತೆ ಹತ್ತುತ್ತಿದ್ದರು. ಯಾಕೆಂದರೆ ಫೋಟೋ ಚೆನ್ನಾಗಿ ಬರುತ್ತಿತ್ತು. ಊರಿನ ಬಾಯಲ್ಲಿ ಅವರ ಹೆಸರು 'ಸ್ಟುಡಿಯೋದಕ್ಕ'.

ಅವರು ಹುಟ್ಟಿದ್ದು ಅಳದಂಗಡಿಯಲ್ಲಿ. ತಂದೆಗೆ ಬೆಳ್ತಂಗಡಿ ಪೇಟೆಯಲ್ಲಿ ಸಣ್ಣದೊಂದು ಫೋಟೋ ಸ್ಟುಡಿಯೋ ಇತ್ತು. ಊರಿಗೂರೇ ಪಾಸ್‌ಪೋರ್ಟ್ ಮಾಡಿಸಲು ಹೊರಟಿದ್ದ ವರ್ಷಗಳು ಅವು. ಗಂಡಸರು ಬಂದು ಸ್ಟೂಲಿನ ಮೇಲೆ ಕೂತು ಎದ್ದು ಹೋಗುತ್ತಿದ್ದರು. ಹೆಂಗಸರು ಬಾಗಿಲ ತನಕ ಬಂದು, ಒಳಗೆ ಕ್ಯಾಮೆರಾ ಹಿಡಿದವರು ಗಂಡಸು ಎಂದು ಕಂಡ ಕೂಡಲೇ ಸೆರಗು ಎಳೆದುಕೊಂಡು ತಿರುಗಿಬಿಡುತ್ತಿದ್ದರು. ಹೀಗೆ ತಿರುಗಿ ಹೋಗುವ ಗಿರಾಕಿಗಳನ್ನು ನೋಡಿ ನೋಡಿ ಬೇಸತ್ತ ತಂದೆ, ಎಸ್ಸೆಸ್ಸೆಲ್ಸಿ ಮುಗಿಸಿ ಮನೆಯಲ್ಲಿದ್ದ ಮಗಳನ್ನು ತಂದು ಕ್ಯಾಮೆರಾದ ಹಿಂದೆ ನಿಲ್ಲಿಸಿದರು. ಅದು ಎರಡು ಕಣ್ಣಿನ ಜಪಾನಿ ಕ್ಯಾಮೆರಾ. ಹೊಟ್ಟೆಯ ಮಟ್ಟದಲ್ಲಿ ಹಿಡಿದು ಮೇಲಿನಿಂದ ಬಗ್ಗಿ ನೋಡಬೇಕು. ಅದಕ್ಕೆ ಹಾಕುವುದು ಮೂರು ಬೆರಳಷ್ಟು ಅಗಲದ ರೋಲ್ ಫಿಲ್ಮ್, ಬೆನ್ನಿಗೆ ನಂಬರು ಬರೆದ ಕಾಗದದೊಡನೆ ಸುತ್ತಿಕೊಂಡು ಬರುವಂಥದ್ದು. ಒಂದು ರೋಲಿಗೆ ಹನ್ನೆರಡು ಚೌಕ ಫೋಟೋ. ಹದಿಮೂರನೆಯದು ಬೇಕೆಂದರೆ ಇನ್ನೊಂದು ರೋಲ್. ಆದ್ದರಿಂದ ಕೂರಿಸಿ, ಗದರಿಸಿ, ಕೊರಳು ನೇರ ಮಾಡಿಸಿ, ಎಲ್ಲವೂ ಸರಿಯಾದ ಮೇಲೆಯೇ ಬೆರಳು ಒತ್ತುವುದು. ಅನಂತಮತಿಯ ನಾಲಗೆ ಹರಿತವಾದದ್ದು ಅಲ್ಲಿ ಎಂದು ಅವರ ತಮ್ಮ ಹೇಳುವುದುಂಟು. ಹುಟ್ಟಿನಿಂದಲೇ ಹಾಗೆ ಎಂದು ಗಂಡ ಸನತ್‌ಕುಮಾರ ಹೇಳುತ್ತಾರೆ.

ಸನತ್‌ಕುಮಾರರದ್ದು ಮೂಡುಬಿದಿರೆಯಲ್ಲಿ ಬಟ್ಟೆ ಅಂಗಡಿ. ಮದುವೆಯಾಗಿ ಬಂದ ಹೊಸತರಲ್ಲೇ ಅಂಗಡಿಯ ಮಾಳಿಗೆಯಲ್ಲಿ ಹೆಂಡತಿಗೆ ಸ್ಟುಡಿಯೋ ಮಾಡಿಕೊಟ್ಟರು. ಎಲ್ಲ ಸುಸೂತ್ರವಾಗಿಯೇ ಇತ್ತು, ಮಂಗಳೂರಿನಿಂದ ರೋಲ್ ತರುತ್ತಿದ್ದ ಸೇಲ್ಸಿನವನೊಬ್ಬ ಒಂದು ದಿನ ಬಾಯಿ ಬಿಡುವ ತನಕ. ಫಿಲ್ಮಿನ ಮೇಲಿನ ಪದರ ಇರುತ್ತದಲ್ಲ, ಅದು ಪ್ರಾಣಿಗಳ ಮೂಳೆ, ಚರ್ಮ ಬೇಯಿಸಿ ತೆಗೆದ ಅಂಟಿನಿಂದ ಮಾಡಿದ್ದು ಎಂದು ಅವನು ಕಾಫಿ ಕುಡಿಯುತ್ತಾ ಹೇಳಿದ. ಸಂಜೆಯಾದರೆ ಊಟ ಮುಗಿಸುವ, ನೆಲದಡಿಯ ಗೆಡ್ಡೆಯನ್ನೂ ಮುಟ್ಟದ ಜೈನರ ಮನೆ. ಅತ್ತೆ ಕೇಳಿಸಿಕೊಂಡರು. ಸೊಸೆಯ ಕೆಲಸ ಬಿಡಿಸಲಿಲ್ಲ, ಅದರಲ್ಲಿ ಬರುವ ದುಡ್ಡು ಅವರಿಗೂ ಗೊತ್ತಿತ್ತು. ಆದರೆ ಕತ್ತಲೆ ಕೋಣೆಯಿಂದ ಬಂದವಳು ಮಿಂದಲ್ಲದೆ ಅಡುಗೆಮನೆಗೆ ಕಾಲಿಡಬಾರದು ಎಂದು ನಿಯಮ ಮಾಡಿದರು. ಅತ್ತೆ ಹೋಗುವ ತನಕವೂ, ಹೋದ ಮೇಲೂ, ಅನಂತಮತಿಯಮ್ಮ ಆ ನಿಯಮ ಮುರಿಯಲಿಲ್ಲ. ಅದೊಂದು ವಿಷಯದಲ್ಲಿ ಮಾತ್ರ ಅವರು ಯಾರನ್ನೂ ಹೀಯಾಳಿಸಿದ್ದನ್ನು ನಾವು ಕೇಳಿಲ್ಲ.

ಕೊನೆಗೆ ಸಣ್ಣ ರೋಲಿನ ಬಣ್ಣದ ಫೋಟೋ ಬಂತು, ಅದರ ಬೆನ್ನಿಗೆ ಡಿಜಿಟಲ್ ಬಂತು, ಆಮೇಲೆ ಎಲ್ಲರ ಜೇಬಿಗೂ ಕ್ಯಾಮೆರಾ ಬಂತು. ಮಂಗಳೂರಿನ ಡೀಲರು ಅಂಗಡಿ ಮುಚ್ಚುವಾಗ ಹಳೆ ಪರಿಚಯಕ್ಕೆಂದು ಎರಡು ಪೆಟ್ಟಿಗೆ ಅಗಲದ ಬಣ್ಣದ ರೋಲನ್ನು ಪುಡಿಗಾಸಿಗೆ ಇವರ ತಲೆಗೆ ಕಟ್ಟಿದ. ಅವು ಮಾಳಿಗೆಯ ಹಂಚಿನ ಕೆಳಗೆ, ಮಾರಾಟವಾಗದ ಸೀರೆ ಪೆಟ್ಟಿಗೆಗಳ ಪಕ್ಕದಲ್ಲಿ ಹೋಗಿ ಕೂತವು. ಅನಂತಮತಿಯಮ್ಮ ಕೆಳಗಿನ ಸಣ್ಣ ಕೋಣೆಯಲ್ಲಿ ಒಂದು ಡಿಜಿಟಲ್ ಕ್ಯಾಮೆರಾ, ಒಂದು ಪ್ರಿಂಟರ್, ಒಂದು ಲ್ಯಾಮಿನೇಶನ್ ಮಿಷನ್ ಇಟ್ಟುಕೊಂಡು ಅರ್ಜಿ ಫಾರ್ಮಿಗೆ ಅಂಟಿಸುವ ಫೋಟೋ ತೆಗೆಯುತ್ತಾ ಕೂತರು. ಇಪ್ಪತ್ತು ಬೇಸಿಗೆ ಆ ಹಂಚು ಕಾಯಿತು, ಇಪ್ಪತ್ತು ಮಳೆಗಾಲ ಅದು ಬೆವರಿತು. ಫಿಲ್ಮನ್ನು ಹಾಳು ಮಾಡಲೆಂದೇ ಯಾರಾದರೂ ಜಾಗ ಹುಡುಕಿದ್ದರೂ ಅದಕ್ಕಿಂತ ಒಳ್ಳೆಯದು ಸಿಗುತ್ತಿರಲಿಲ್ಲ.

ಹೋದ ವರ್ಷ ಬೇಸಿಗೆಯಲ್ಲಿ ಅಶ್ವಿತ್ ಎಂಬವನು ಬಂದ. ಲಾಯಿಲದವನು, ಮದುವೆ ಫೋಟೋ ತೆಗೆಯುವ ಕೆಲಸ. ಗಡ್ಡ ಚೆನ್ನಾಗಿ ಕತ್ತರಿಸಿಕೊಂಡಿದ್ದ.

"ಅಕ್ಕ, ನಿಮ್ಮಲ್ಲಿ ಹಳೆ ರೋಲ್ ಫಿಲ್ಮ್ ಏನಾದ್ರೂ ಉಂಟಾ?"

"ಉಂಟು. ಯಾಕೆ? ಬದನೆ ಗಿಡಕ್ಕೆ ಹಾಕ್ಲಿಕ್ಕಾ?"

ಅವನು ನಕ್ಕು, ಈಗ ಮದುವೆಯವರು ಫಿಲ್ಮಿನಲ್ಲೇ ನಾಲ್ಕು ಫೋಟೋ ಬೇಕು ಅನ್ನುತ್ತಾರೆ, ಅದಕ್ಕೆ ಬೇರೆ ಪ್ಯಾಕೇಜ್ ಇಟ್ಟಿದ್ದೇನೆ ಎಂದ. ಹೊಸ ಬಣ್ಣದ ರೋಲಿಗೆ ಎಷ್ಟು ಎಂದು ಅನಂತಮತಿಯಮ್ಮ ಕೇಳಿದರು.

"ಸಾವಿರದ ಏಳ್ನೂರು, ಸಾವಿರದ ಎಂಟ್ನೂರು. ಕಪ್ಪು ಬಿಳುಪಾದರೆ ಸಾವಿರ ಚಿಲ್ಲರೆ. ತೊಳೆಸಿ ಸ್ಕ್ಯಾನ್ ಮಾಡಿಸ್ಲಿಕ್ಕೆ ಬೆಂಗಳೂರಿಗೆ ಕಳಿಸ್ಬೇಕು. ಅದಕ್ಕೆ ಮತ್ತೆ ಏಳೆಂಟ್ನೂರು, ಕೊರಿಯರ್ ಬೇರೆ."

"ಹನ್ನೆರಡು ಫೋಟೋಕ್ಕೆ?"

"ಹನ್ನೆರಡಕ್ಕೆ."

"ಈ ಬೆಲೆಗೆ ಅದರೊಳಗೆ ಮದುಮಗಳೂ ಬರ್ತಾಳಾ?"

ಅಶ್ವಿತ್ ಫೋನು ತೆಗೆದು ಒಂದು ಫೋಟೋ ತೋರಿಸಿದ. ಕಡಲ ಬದಿಯಲ್ಲಿ ನಿಂತ ಜೋಡಿ. ಅವರ ತಲೆಯ ಮೇಲಿನ ಆಕಾಶದಲ್ಲಿ ಮಸುಕಾಗಿ '8' ಎಂಬ ಅಂಕಿ ಮೂಡಿತ್ತು. ಹಿಂಬದಿ ಕಾಗದದ ನಂಬರು ಫಿಲ್ಮಿಗೆ ಹತ್ತಿಕೊಂಡದ್ದು ಎಂದು ಅನಂತಮತಿಯಮ್ಮನಿಗೆ ನೋಡಿದ ಕೂಡಲೇ ತಿಳಿಯಿತು. ಹೊಸ ರೋಲೇ, ಆನ್‌ಲೈನಿನಲ್ಲಿ ತರಿಸಿದ್ದು ಎಂದ ಅಶ್ವಿತ್. ಮಾರಿದವನಿಗೆ ದೂರು ಕೊಟ್ಟರೆ, ಸಾರ್ ಅದು ಫಿಲ್ಮಿನ ಗುಣ, ಜನ ಅದನ್ನೇ ಇಷ್ಟಪಡುತ್ತಾರೆ ಎಂದು ಉತ್ತರ ಬಂತಂತೆ.

"ನಮ್ಮ ಕಾಲದಲ್ಲಿ ಇಂಥದ್ದು ಬಂದರೆ ಗಿರಾಕಿ ದುಡ್ಡು ವಾಪಸ್ ಕೇಳ್ತಿದ್ದ. ಈಗ ಇದಕ್ಕೇ ದುಡ್ಡು. ಜೋಡಿ ಏನು ಹೇಳಿತು?"

"ಅವರಿಗೆ ಖುಷಿಯೇ ಆಯ್ತು, ಅಕ್ಕ. ಎಂಟು ಅವರ ಲಕ್ಕಿ ನಂಬರಂತೆ."

ಅನಂತಮತಿಯಮ್ಮ ಎದ್ದು ಮಾಳಿಗೆಗೆ ಹೋಗಿ ಐದು ರೋಲ್ ತಂದು ಮೇಜಿನ ಮೇಲಿಟ್ಟರು. "ಇದು ಹಾಳಾದ ಫಿಲ್ಮ್. ಇದರ ಡೇಟು ಮುಗಿಯುವಾಗ ನೀನು ಶಾಲೆಗೆ ಹೋಗ್ತಿದ್ದಿರಬೇಕು. ಬೂಸ್ಟು ಹಿಡಿದಿದೆ. ಇದರಲ್ಲಿ ಏನೂ ಬರುವುದಿಲ್ಲ. ತಗೊಂಡು ಹೋಗು."

ಅವನು ಒಂದೊಂದಕ್ಕೆ ಐನೂರರಂತೆ ಕೊಟ್ಟು ಹೋದ. ಅನಂತಮತಿಯಮ್ಮ ನೋಟುಗಳನ್ನು ಹಾಗೇ ಗಂಡನಿಗೆ ತೋರಿಸಿದರು. "ಬುದ್ಧಿಗೂ ಡೇಟು ಮುಗೀತದೆ ಅಂತ ಕಾಣ್ತದೆ," ಎಂದರು.

ಆ ಐದು ರೋಲಿನಲ್ಲಿ ಒಂದರಲ್ಲಿ ಹೇಗೋ ಏನೋ ಬಂತು. ನೇರಳೆ, ಹಸಿರು ಮಂಜಿನ ನಡುವೆ ಒಬ್ಬಳು ಮದುಮಗಳ ನೆರಳು. ಮುಖ ಯಾರದ್ದೆಂದು ಅವಳ ತಾಯಿಯೇ ಹೇಳುವಂತಿರಲಿಲ್ಲ. ಅಶ್ವಿತ್ ಅದನ್ನು ಇನ್‌ಸ್ಟಾಗ್ರಾಮಿಗೆ ಹಾಕಿದ, ಅದು ಎಲ್ಲಿಂದೆಲ್ಲಿಗೋ ಹೋಯಿತು. ಕನಸಿನ ಹಾಗಿದೆ ಎಂದು ಜನ ಬರೆದರು. ಕಣ್ಣಿಗೆ ಪೊರೆ ಬಂದರೂ ಹೀಗೆಯೇ ಕಾಣ್ತದೆ, ಅದಕ್ಕೆ ಜನ ಆಸ್ಪತ್ರೆಗೆ ಹೋಗ್ತಾರೆ ಎಂದರು ಅನಂತಮತಿಯಮ್ಮ.

ಈ ಮಾತನ್ನು ಅವರು ಹೇಳುವಾಗ ತಮ್ಮನ ಮಗಳು ಸಮೀಕ್ಷಾ ಎದುರಿಗಿದ್ದಳು. ಊರಿನಲ್ಲೇ ಬ್ಯಾಂಕಿನಲ್ಲಿ ಕೆಲಸ, ಚುರುಕಿನ ಹುಡುಗಿ. ಅವಳ ಫೋನು ಆಗಲೇ ಕೈಯಲ್ಲಿತ್ತು.

"ಅತ್ತೆ, ಆ ರೋಲಿನ ಬಗ್ಗೆ ಇನ್ನೊಂದ್ಸಲ ಹೇಳಿ."

"ಏನು ಹೇಳುವುದು? ಇದು ಹಾಳಾದ ಫಿಲ್ಮ್. ಮೂಳೆ ಬೇಯಿಸಿದ ಅಂಟು, ಅದೂ ಹಳಸಿದ್ದು. ಇದನ್ನು ತಗೊಳ್ಳುವವರಿಗೆ ತಲೆ ಇಲ್ಲ. ತಲೆ ಇದ್ದವರು ಮೊಬೈಲಿನಲ್ಲಿ ತೆಗೆದು, ಊಟ ಮಾಡಿ ಮಲಗಿ."

ಸಮೀಕ್ಷಾ ಆ ವಿಡಿಯೋವನ್ನು ಹಾಕಿ, ರೋಲಿಗೆ ಒಂಬೈನೂರು, ನಂಬರ್ ಇದು ಎಂದು ಕೆಳಗೆ ಬರೆದಳು. ಒಂದೇ ವಾರದಲ್ಲಿ ಜನ ಬರತೊಡಗಿದರು. ಮಣಿಪಾಲದಿಂದ ಬಂದರು, ಬೆಂಗಳೂರಿನಿಂದ ಕಾರು ಮಾಡಿಕೊಂಡು ಬಂದರು. ಸಾವಿರ ಕಂಬದ ಬಸದಿ ನೋಡಿ, ಇಲ್ಲಿಗೆ ಬಂದು, ಊಟಕ್ಕೆ ಹೋಗುವುದು ಎಂದು ಒಂದು ಕ್ರಮವೇ ಆಯಿತು. ಕೊರಳಿಗೆ ಹಳೆ ಕ್ಯಾಮೆರಾ ನೇತುಹಾಕಿಕೊಂಡಿದ್ದವರ ಪೈಕಿ ಅರ್ಧಕ್ಕರ್ಧ ಮಂದಿಗೆ ಅದನ್ನು ತೆರೆಯಲು ಗೊತ್ತಿರಲಿಲ್ಲ. ಒಬ್ಬ ರೋಲನ್ನು ಬೆಳಕಿಗೆ ಬಿಚ್ಚಿ, ಒಳಗೆ ಏನುಂಟು ನೋಡುವ ಎಂದ.

"ಏನಿತ್ತೋ ಅದು ಈಗ ಹೋಯ್ತು," ಎಂದರು ಅನಂತಮತಿಯಮ್ಮ. "ಇನ್ನು ಅದನ್ನು ರಿಬ್ಬನ್ ಮಾಡಿ ಕಟ್ಟಿಕೋ."

ಅವನಿಗೆ ಬಹಳ ಸಂತೋಷವಾಯಿತು. ಇನ್ನೊಂದು ರೋಲ್ ತೆಗೆದುಕೊಂಡ. ಸಂಗತಿ ಇದೇ ಆಗಿತ್ತು, ಅವರು ಬೈದಷ್ಟೂ ಮಾರಾಟ ಏರುತ್ತಿತ್ತು. ಪ್ರತಿಯೊಬ್ಬನ ಮುಖಕ್ಕೂ ಇದು ಹಾಳಾಗಿದೆ ಎಂದು ಹೇಳಿಯೇ ಅವರು ಕೊಡುತ್ತಿದ್ದರು. ಜನ ತಲೆಯಾಡಿಸಿ, ಅಜ್ಜಿ ಸೂಪರ್ ಎಂದು ಪಕ್ಕದಲ್ಲಿ ನಿಂತು ಸೆಲ್ಫಿ ತೆಗೆಸಿಕೊಂಡು ಹೋಗುತ್ತಿದ್ದರು. ಸನತ್‌ಕುಮಾರರು ಮುಚ್ಚಿದ ಬಟ್ಟೆ ಅಂಗಡಿಯ ಜಗಲಿಯಲ್ಲಿ ಪೇಪರ್ ಓದುತ್ತಾ, "ಇಷ್ಟು ವರ್ಷ ನಾನು ಪುಕ್ಕಟೆ ಕೇಳಿದೆ," ಎಂದರು ಒಮ್ಮೆ.

ಮನಸ್ಸಿನ ಮೂಲೆಯಲ್ಲಿ ಅನಂತಮತಿಯಮ್ಮನಿಗೆ ಇದು ಹಿತವಾಗಿತ್ತು. ಅದನ್ನು ಮರೆಮಾಡಿ ಪ್ರಯೋಜನವಿಲ್ಲ. ಹುಚ್ಚರ ದುಡ್ಡು ಹುಚ್ಚರಿಗೇ ಭಾರ, ಅದನ್ನು ಇಳಿಸಿಕೊಳ್ಳಲು ನಾನೊಂದು ಜಾಗ ತೋರಿಸುತ್ತಿದ್ದೇನೆ ಎಂಬ ಭಾವನೆ. ಒಂದು ಪೆಟ್ಟಿಗೆ ಪೂರ್ತಿ ಖಾಲಿಯಾಯಿತು.

ಮಳೆ ನಿಂತ ಮೇಲೆ ಒಂದು ಬೆಳಿಗ್ಗೆ ನೌಫಲ್ ಬಂದ. ಬಂಟ್ವಾಳ ಕಡೆಯ ಪಾಣೆಮಂಗಳೂರಿನವನು, ಬಿ.ಸಿ. ರೋಡಿನಲ್ಲಿ ಮೊಬೈಲ್ ರಿಪೇರಿ ಅಂಗಡಿ. ಹಿಂದೊಮ್ಮೆ ಬಂದು ಎರಡು ರೋಲ್ ಕೊಂಡುಹೋಗಿದ್ದ. ಈಗ ಬಂದವನು ಸೆಲ್ಫಿ ಕೇಳಲಿಲ್ಲ. ತೊಳೆಸಿ ತಂದ ಎರಡು ಫಿಲ್ಮನ್ನು ಮೇಜಿನ ಮೇಲೆ ಬಿಡಿಸಿಟ್ಟ. ತುದಿಯಿಂದ ತುದಿಗೆ ಕಪ್ಪು ಮಸಿ. ನೆರಳೂ ಇಲ್ಲ, ಮಂಜೂ ಇಲ್ಲ.

"ಹಾಳಾಗಿದೆ ಅಂತ ಹೇಳಿಯೇ ಕೊಟ್ಟದ್ದಲ್ವಾ ನಾನು?"

"ಹೇಳಿದ್ದೀರಿ ಅಮ್ಮ. ನಾನು ತಮಾಷೆ ಅಂತ ತಿಳಿದೆ. ವಿಡಿಯೋದಲ್ಲಿ ಎಲ್ಲರೂ ನಗ್ತಿದ್ರು. ಹಾಗೆ ಹೇಳುವುದು ನಿಮ್ಮ ಸ್ಟೈಲ್ ಅಂತ ಮಾಡಿದೆ."

"ದುಡ್ಡು ವಾಪಸ್ ಬೇಕಾ?"

"ಬೇಡ."

"ಮತ್ತೆ ಯಾಕೆ ಬಂದದ್ದು?"

ನೌಫಲ್ ಫಿಲ್ಮನ್ನು ಸುತ್ತುತ್ತಾ ಹೇಳಿದ. ಅವನ ಅಜ್ಜಿ ಬೀಯಮ್ಮನಿಗೆ ಎಂಬತ್ತು ದಾಟಿದೆ. ಆಧಾರ್ ಕಾರ್ಡಿಗೆ ತೆಗೆದದ್ದು ಬಿಟ್ಟರೆ ಅವರದೊಂದು ಫೋಟೋ ಇಲ್ಲ, ತೆಗೆಯಲು ಬಿಡುವುದಿಲ್ಲ. ಹಿಂದೆ ಮದುವೆಯೊಂದರಲ್ಲಿ ಯಾರೋ ಮೊಬೈಲಿನಲ್ಲಿ ಕ್ಲಿಕ್ಕಿಸಿ ಗ್ರೂಪಿಗೆ ಹಾಕಿ, ಅದು ಸೌದಿಯ ದಮಾಮಿನಲ್ಲಿರುವ ನೆಂಟರೆಲ್ಲರ ಕೈಗೆ ಹೋಗಿ, ಅಜ್ಜಿ ಎರಡು ದಿನ ಯಾರೊಡನೆಯೂ ಮಾತಾಡಿರಲಿಲ್ಲ. ಅವರ ಹತ್ತಿರ ಕಿವಿಯ ಅಂಚಿನುದ್ದಕ್ಕೂ ಸಾಲಾಗಿ ಹಾಕುವ ಹಳೆ ಕಾಲದ ಚಿನ್ನದ ಓಲೆಗಳಿವೆ. ಬರುವ ತಿಂಗಳು ನೌಫಲನ ತಂಗಿಯ ಮದುವೆ, ಓಲೆ ಕರಗಿಸಿ ಬಳೆ ಮಾಡಿಸುವುದೆಂದು ಅಜ್ಜಿಯೇ ತೀರ್ಮಾನಿಸಿದ್ದಾರೆ. ಕರಗಿಸುವ ಮೊದಲು ಒಂದು ಫೋಟೋ ಇರಲಿ ಎಂದು ಇವನು ಗೋಗರೆದ. ಇದು ಮೊಬೈಲ್ ಅಲ್ಲ, ಫಿಲ್ಮು, ಕಾಗದದ ಮೇಲೆ ಮಾತ್ರ ಇರ್ತದೆ, ಎಲ್ಲಿಗೂ ಹೋಗುವುದಿಲ್ಲ ಎಂದು ಒಪ್ಪಿಸಿದ. ಅಜ್ಜಿ ಓಲೆಗಳನ್ನೆಲ್ಲ ಹಾಕಿಕೊಂಡು ಕೂತರು.

"ಈಗ ದಿನಾ ಕೇಳ್ತಾರೆ, ಫೋಟೋ ಎಲ್ಲಿ ಅಂತ. ಬರಲಿಲ್ಲ ಅಂದ್ರೆ ಮೊಬೈಲಿಗೆ ಹಾಕಿ ಸುಳ್ಳು ಹೇಳ್ತಿದ್ದಾನೆ ಅಂತ ಗುಮಾನಿ. ನೀವೊಂದು ಮಾತು ಹೇಳಿದ್ರೆ ನಂಬ್ತಾರೆ. ಫೋನಿನಲ್ಲಿ ಹೇಳಿದ್ರೂ ಆಗ್ತದೆ."

"ನಿನ್ನ ಅಜ್ಜಿಗೆ ನಾನು ಯಾಕೆ ಹೇಳ್ಬೇಕು? ಬುದ್ಧಿ ಇಲ್ಲದ್ದು ನಿನಗೆ."

"ಹೌದು," ಎಂದ ನೌಫಲ್. ಫಿಲ್ಮನ್ನು ಜೇಬಿಗೆ ಹಾಕಿಕೊಂಡು ಹೊರಟು ಹೋದ. ಅವನು ವಾದ ಮಾಡಿದ್ದರೆ ಅನಂತಮತಿಯಮ್ಮನಿಗೆ ಆ ದಿನದ ಊಟ ಸೇರುತ್ತಿತ್ತು.

ಮೂರನೆಯ ದಿನ ಅವರು ಅಶ್ವಿತ್‌ಗೆ ಫೋನು ಮಾಡಿ, ಹೊಸ ರೋಲ್ ಒಂದು ಬೇಕು, ಕಪ್ಪು ಬಿಳುಪು, ಜೊತೆಗೆ ತೊಳೆಯುವ ಕೆಮಿಕಲ್ ಎಂದರು. ಬಣ್ಣದ್ದನ್ನು ಊರೂರಿಗೆ ಕಳಿಸಿ ಕಂಡವರ ಕೈಯಲ್ಲಿ ತೊಳೆಸಲು ಅವರಿಗೆ ಮನಸ್ಸಿರಲಿಲ್ಲ. ರೋಲ್ ಬಂತು. ಬೆಲೆ ಸಾವಿರದ ನೂರು. ಪೆಟ್ಟಿಗೆ ಕೈಯಲ್ಲಿ ಹಿಡಿದು ತಿರುಗಿಸಿ ತಿರುಗಿಸಿ ನೋಡಿದರು. ಡೇಟಿನ ಮೇಲೆ ಬೇರೆ ಚೀಟಿ ಅಂಟಿಸಿದ್ದಾರೋ ಎಂದು ಉಗುರಿನಿಂದ ಕೆರೆದರು. ಇರಲಿಲ್ಲ.

"ಒಂದು ರೋಲಿಗೆ ಇಷ್ಟು ತಗೊಳ್ಳುವವನು ಕಾಗದದ ಪೆಟ್ಟಿಗೆಯಲ್ಲಿ ಯಾಕೆ ಕಳಿಸ್ತಾನೆ? ಬೆಳ್ಳಿ ಕರಡಿಗೆಯಲ್ಲಿ ಕಳಿಸ್ಬೇಕಿತ್ತು," ಎಂದರು.

ಸಿದ್ದಕಟ್ಟೆ ದಾರಿಯ ಬಸ್ಸಿನಲ್ಲಿ ಹಳೆಯ ಎರಡು ಕಣ್ಣಿನ ಕ್ಯಾಮೆರಾವನ್ನು ಮಡಿಲಲ್ಲಿಟ್ಟುಕೊಂಡು ಹೋದರು. ಸಮೀಕ್ಷಾ ತಾನೂ ಬರುತ್ತೇನೆ, ವಿಡಿಯೋ ಮಾಡುವ ಎಂದಳು. ಫೋನು ಮನೆಯಲ್ಲಿಟ್ಟು ಬರುವುದಾದರೆ ಬಾ ಎಂದರು. ಅವಳು ಬರಲಿಲ್ಲ.

ಪಾಣೆಮಂಗಳೂರಿನ ಮನೆಯಲ್ಲಿ ಬೀಯಮ್ಮ ಒಳಕೋಣೆಯ ಮಂಚದ ಮೇಲೆ ಕೂತಿದ್ದರು. ಒಣಗಿದ ಸಣ್ಣ ಮೈ, ಎಚ್ಚರದ ಕಣ್ಣು. ಬಂದವರನ್ನು ಕಾಲಿನಿಂದ ತಲೆಯ ತನಕ ನೋಡಿ, ತುಳುವಿನಲ್ಲೇ ಕೇಳಿದರು, "ಹಾಳಾದ್ದನ್ನು ಮಾರಿದ ಹೆಂಗಸು ನೀನೇಯಾ?"

"ನಾನೇ."

"ಗೊತ್ತಿದ್ದು ಮಾರಿದ್ದಾ, ಗೊತ್ತಿಲ್ಲದೆಯಾ?"

"ಗೊತ್ತಿದ್ದೇ. ಹಾಳಾಗಿದೆ ಅಂತ ಹೇಳಿಯೇ ಮಾರಿದ್ದು."

"ಹೇಳಿದ್ರೆ ಆಯ್ತಾ?" ಎಂದರು ಬೀಯಮ್ಮ. "ಕೊಳೆತ ಮೀನನ್ನು ಕೊಳೆತದ್ದು ಅಂತ ಕೂಗಿ ಮಾರಿದ್ರೆ ತಿಂದವನ ಹೊಟ್ಟೆ ಕೆಡುವುದಿಲ್ವಾ? ಅದನ್ನು ಹೊಳೆಗೆ ಬಿಸಾಡ್ಬೇಕು. ಬುಟ್ಟಿಯಲ್ಲಿ ಇಟ್ಟದ್ದು ಯಾಕೆ?"

ಬಾಗಿಲಲ್ಲಿ ನಿಂತಿದ್ದ ನೌಫಲ್ ನೆಲ ನೋಡಿದ. ಮೀನಿನ ವಾಸನೆಗೆ ದಾರಿ ಬದಲಿಸುವ ಅನಂತಮತಿಯಮ್ಮನಿಗೆ ಮೀನಿನ ಲೆಕ್ಕದಲ್ಲಿ ಯಾರೂ ಇದುವರೆಗೆ ಬುದ್ಧಿ ಹೇಳಿರಲಿಲ್ಲ. ಉತ್ತರವೊಂದು ಬಾಯಿಯ ತನಕ ಬಂತು. ಹುಚ್ಚರು ಕೇಳಿದರು, ಕೊಟ್ಟೆ ಎಂದು ಹೇಳಬಹುದಿತ್ತು. ಆದರೆ ಎದುರಿಗೆ ಕೂತವರು ಹುಚ್ಚರಾಗಿರಲಿಲ್ಲ, ಕೇಳಿಯೂ ಇರಲಿಲ್ಲ. ಕೂತು, ಎದ್ದು, ಮೋಸ ಹೋಗಿದ್ದರು ಅಷ್ಟೆ. ಅನಂತಮತಿಯಮ್ಮ ಚೀಲದಿಂದ ಹೊಸ ರೋಲ್ ತೆಗೆದು ಬೀಯಮ್ಮನ ಎದುರೇ ಸೀಲು ಒಡೆದರು.

"ಇದು ಹಾಳಾದದ್ದಲ್ಲ. ಓಲೆ ಹಾಕಿಕೊಳ್ಳಿ."

"ಇದಕ್ಕೆ ಎಷ್ಟು?"

"ಸಾವಿರದ ನೂರು."

"ಒಂದು ಫೋಟೋಕ್ಕಾ?"

"ಹನ್ನೆರಡಕ್ಕೆ."

ಬೀಯಮ್ಮ ಮೊಮ್ಮಗನ ಕಡೆಗೆ ತಿರುಗಿದರು. "ಲೋಕಕ್ಕೆ ಮರ್ಲು ಹಿಡಿದಿದೆ, ಹುಚ್ಚು," ಎಂದರು. ಅನಂತಮತಿಯಮ್ಮನಿಗೆ ಬಹಳ ದಿನಗಳ ಮೇಲೆ ಒಬ್ಬರ ಮಾತು ಸರಿ ಅನ್ನಿಸಿತು.

ಓಲೆ ಹಾಕಲು ಸೊಸೆ ಬಂದು ನೆರವಾದಳು. ಕಿಟಕಿಯ ಪಕ್ಕ ಕುರ್ಚಿ ಇಡಿಸಿ, ಗಂಡಸರನ್ನೆಲ್ಲ ಹೊರಗೆ ಕಳಿಸಿ, ಅನಂತಮತಿಯಮ್ಮ ಕ್ಯಾಮೆರಾದೊಳಗೆ ಬಗ್ಗಿ ನೋಡಿದರು. "ಗಲ್ಲ ಎತ್ತಿ. ಅಷ್ಟಲ್ಲ. ಸಾಲಗಾರ ಬಂದ ಹಾಗೆ ಕೂರಬೇಡಿ." "ನೀನು ಬೇಗ ಮುಗಿಸು," ಎಂದರು ಬೀಯಮ್ಮ. ಬೆರಳು ಒತ್ತಿದ್ದು ಆ ಮಾತು ಮುಗಿದ ಕ್ಷಣಕ್ಕೆ. ಎರಡನೆಯದಕ್ಕೆ ಬೀಯಮ್ಮ ಒಪ್ಪಲಿಲ್ಲ. ಒಂದು ಮುಖಕ್ಕೆ ಒಂದು ಸಾಕು ಎಂದರು.

"ಉಳಿದ ಹನ್ನೊಂದು?"

"ದುಡ್ಡು ಕೊಟ್ಟದ್ದನ್ನು ಹಾಳು ಮಾಡ್ಲಿಕ್ಕುಂಟಾ? ಮಕ್ಕಳನ್ನು ಕರೀರಿ."

ಸೊಸೆಯಂದಿರು ಬಂದರು, ಮೊಮ್ಮಗಳಂದಿರು ಬಂದರು, ಪಕ್ಕದ ಮನೆಗೆ ಮದುವೆಯಾಗಿ ಹೋದ ಮಗಳು ಕೈ ಒರೆಸಿಕೊಳ್ಳುತ್ತಾ ಓಡಿ ಬಂದಳು. ಓಲೆಗಳು ಒಬ್ಬರ ಕಿವಿಯಿಂದ ಇನ್ನೊಬ್ಬರ ಕಿವಿಗೆ ಹೋದವು. ಚಿಕ್ಕವರ ಕಿವಿಗೆ ಅಷ್ಟು ತೂತುಗಳಿರಲಿಲ್ಲವಾದ್ದರಿಂದ ದಾರದಲ್ಲಿ ಪೋಣಿಸಿ ನೇತು ಹಾಕಿದರು. ಬೀಯಮ್ಮ ಮಂಚದಿಂದಲೇ, ಇವಳು ಕತ್ತೆಯ ಹಾಗೆ ನಿಂತಿದ್ದಾಳೆ, ಅವಳ ತಲೆಬಟ್ಟೆ ಸರಿಮಾಡಿ ಎಂದು ಅಪ್ಪಣೆ ಕೊಡುತ್ತಿದ್ದರು. ಅನಂತಮತಿಯಮ್ಮ ಹೇಳಬೇಕಾದದ್ದನ್ನೆಲ್ಲ ಅವರೇ ಹೇಳುತ್ತಿದ್ದರಿಂದ ಇವರಿಗೆ ಬೈಯಲು ಏನೂ ಉಳಿಯಲಿಲ್ಲ. ಹೊರಡುವಾಗ ಒಂದು ಲೋಟ ಬೆಲ್ಲ ನೀರು ಕೊಟ್ಟರು. ಕುಡಿದರು.

ಮರುದಿನ ಮಧ್ಯಾಹ್ನ ಬಚ್ಚಲಿನ ಗವಾಕ್ಷಿಗೆ ಕಂಬಳಿ ಬಡಿದು ಕತ್ತಲೆ ಮಾಡಿ ಫಿಲ್ಮ್ ತೊಳೆದರು. ತೊಳೆದದ್ದನ್ನು ಬಟ್ಟೆಯ ಹಗ್ಗಕ್ಕೆ ಕ್ಲಿಪ್ಪು ಹಾಕಿ ತೂಗಿಬಿಟ್ಟು, ಭೂತಗನ್ನಡಿ ಹಿಡಿದು ಒಂದೊಂದೇ ಚೌಕ ನೋಡಿದರು. ನಂಬರು ಹತ್ತಿರಲಿಲ್ಲ. ಕಲೆ ಇರಲಿಲ್ಲ. ಬೀಯಮ್ಮನ ಕಿವಿಯ ಒಂದೊಂದು ಓಲೆ, ಓಲೆಯ ಒಂದೊಂದು ಗುಂಡು, ಕೆನ್ನೆಯ ಗೆರೆ, ಕಣ್ಣಿನಲ್ಲಿ ಕಿಟಕಿಯ ಸರಳು, ಎಲ್ಲವೂ ಇತ್ತು. ಅವರ ಕೈಯಲ್ಲಿ ಎಷ್ಟೋ ಸಾವಿರ ರೋಲ್ ಹೋಗಿದ್ದವು. ಇಷ್ಟು ನಯವಾದದ್ದು ಹಿಂದೆ ಬಂದ ನೆನಪಾಗಲಿಲ್ಲ.

ಮಿಂದು ಬಂದು ಗಂಡನ ಎದುರು ಕೂತರು. "ಫಿಲ್ಮ್ ಒಳ್ಳೆಯದುಂಟು," ಎಂದರು. "ನಮ್ಮ ಕಾಲದ್ದಕ್ಕಿಂತ ಒಳ್ಳೆಯದುಂಟು."

ಸನತ್‌ಕುಮಾರರು ಪೇಪರ್ ಇಳಿಸಿ ಹೆಂಡತಿಯ ಮುಖ ನೋಡಿದರು. ಹುಷಾರಿಲ್ಲವೋ ಎಂಬಂತೆ.

"ಹಾಗಂತ ಸಾವಿರದ ನೂರಾ? ಆ ಬೆಲೆಗೆ ಒಳ್ಳೆಯದಾಗದೆ ಮತ್ತೇನು ಮಾಡ್ತದೆ? ಅಷ್ಟು ಕೊಟ್ಟರೆ ನಾನೂ ಒಳ್ಳೆಯವಳಾಗ್ತೇನೆ."

ಪ್ರಿಂಟ್ ಹಾಕಲು ಅವರ ಹತ್ತಿರ ಒಳ್ಳೆಯ ಕಾಗದ ಉಳಿದಿರಲಿಲ್ಲ. ಕೊನೆಗೆ ಲಾಯಿಲಕ್ಕೆ ಹೋಗಿ ಅಶ್ವಿತ್‌ನ ಸ್ಕ್ಯಾನರಿಗೇ ಕೊಡಬೇಕಾಯಿತು. ಹನ್ನೆರಡೂ ಕಂಪ್ಯೂಟರಿನಲ್ಲಿ ಮೂಡಿದಾಗ ಅಶ್ವಿತ್ ಬೀಯಮ್ಮನ ಫೋಟೋವನ್ನು ದೊಡ್ಡದು ಮಾಡಿ, "ಅಕ್ಕ, ಈ ಒಂದನ್ನು ಮಾತ್ರ ನಾನು ಇನ್‌ಸ್ಟಾಗ್ರಾಮಿಗೆ ಹಾಕ್ತೇನೆ. ಹೆಸರು ಬೇಡ, ಊರು ಬೇಡ," ಎಂದ.

"ಪ್ರಿಂಟ್ ಕೊಡು."

ಪ್ರಿಂಟ್ ಬಂದ ಮೇಲೆ, ಕಂಪ್ಯೂಟರಿನಿಂದ ಹನ್ನೆರಡನ್ನೂ ಅಳಿಸು ಎಂದರು. ಅವನು ಅಳಿಸಿದ. ಕಸದ ಬುಟ್ಟಿಯಿಂದಲೂ ತೆಗೆ ಎಂದರು. ಅವನು ತಬ್ಬಿಬ್ಬಾದ. ಅಷ್ಟು ಗೊತ್ತಿಲ್ಲದೆ ಇಪ್ಪತ್ತು ವರ್ಷ ಪಾಸ್‌ಪೋರ್ಟ್ ಫೋಟೋ ಪ್ರಿಂಟ್ ಮಾಡಿದ್ದಾ ನಾನು ಎಂದು ಅವನ ಬೆನ್ನ ಹಿಂದೆಯೇ ನಿಂತು ನೋಡಿ, ಎಲ್ಲ ಹೋಯಿತೆಂದು ಖಾತ್ರಿಯಾದ ಮೇಲೆ ಫಿಲ್ಮನ್ನೂ ಪ್ರಿಂಟನ್ನೂ ಲಕೋಟೆಗೆ ಹಾಕಿ ನೌಫಲನಿಗೆ ತಲುಪಿಸಿದರು. ಮೂಗು ದೊಡ್ಡದಾಗಿ ಬಂದಿದೆ ಎಂದು ಬೀಯಮ್ಮ ಹೇಳಿ ಕಳಿಸಿದರು. ಇದ್ದಷ್ಟೇ ಬಂದಿದೆ ಎಂದು ಇವರು ಹೇಳಿ ಕಳಿಸಿದರು. ಫೋಟೋ ಬೀಯಮ್ಮನ ಪೆಟ್ಟಿಗೆಯಲ್ಲಿ ಸೀರೆಗಳ ಅಡಿಗೆ ಹೋಯಿತಂತೆ. ಓಲೆ ಬಳೆಗಳಾದವು.

ಉಳಿದ ಪೆಟ್ಟಿಗೆಯ ಹಾಳು ರೋಲುಗಳನ್ನು ಆ ವಾರವೇ ಅನಂತಮತಿಯಮ್ಮ ಪುರಸಭೆಯ ಕಸದ ಗಾಡಿಗೆ ಹಾಕಿಸಿದರು. ಸಮೀಕ್ಷಾ ಕಣ್ಣಲ್ಲಿ ನೀರು ತಂದುಕೊಂಡಳು. ಎಷ್ಟೋ ಮಂದಿ ಮುಂಗಡ ಕೊಟ್ಟಿದ್ದರು, ಅತ್ತೆ ಹೀಗೆ ಮಾಡಬಾರದಿತ್ತು.

"ವಾಪಸ್ ಕೊಡು. ಯಾಕೆ ಅಂತ ಕೇಳಿದ್ರೆ ಹಾಳಾಗಿತ್ತು ಅಂತ ಹೇಳು."

"ಅದು ಅವರಿಗೆ ಗೊತ್ತುಂಟಲ್ಲ ಅತ್ತೆ. ಅದಕ್ಕೇ ಅಲ್ವಾ ಅವರು ಕೇಳಿದ್ದು."

ಬೆಂಗಳೂರಿನ ಕಾರುಗಳು ಇನ್ನೂ ಕೆಲವು ತಿಂಗಳು ಬಂದವು. ಮುಗಿದಿದೆ ಎಂದರೆ ಪರವಾಗಿಲ್ಲ, ಸುಮ್ಮನೆ ಎರಡು ಮಾತು ಬೈಯಿರಿ ಎಂದು ಫೋನು ಹಿಡಿದು ನಿಂತವರಿದ್ದರು. ಅಂಥವರನ್ನು ಅವರು ಕೂತುಕೊಳ್ಳಿ ಎಂದು ಬಹಳ ಮರ್ಯಾದೆಯಿಂದ ಮಾತಾಡಿಸಿ, ನೀರು ಕೊಟ್ಟು ಕಳಿಸಿಬಿಡುತ್ತಿದ್ದರು. ಅದಕ್ಕಿಂತ ದೊಡ್ಡ ತಿರಸ್ಕಾರ ಅವರ ಬಳಿ ಇರಲಿಲ್ಲ. ಕಾರುಗಳು ನಿಂತವು.

ಈ ನಡುವೆ ಪಾಣೆಮಂಗಳೂರಿನಿಂದ, ಫರಂಗಿಪೇಟೆಯಿಂದ, ಒಮ್ಮೆ ಬೆಳುವಾಯಿಯ ಒಂದು ಮನೆಯಿಂದಲೂ ಕರೆ ಬಂತು. ಫೋನಿಗೆ ಮುಖ ಕೊಡಲು ಮನಸ್ಸಿಲ್ಲದ ಹೆಂಗಸರು. ರೋಲಿನ ಬೆಲೆ ನಿಮ್ಮದು, ಬಸ್ಸಿನ ಚಾರ್ಜು ನಿಮ್ಮದು, ಹನ್ನೆರಡು ಮಂದಿ ಸೇರಿದರೆ ಮಾತ್ರ ಬರ್ತೇನೆ ಎಂದು ಅನಂತಮತಿಯಮ್ಮ ಹೇಳುತ್ತಾರೆ. ಹನ್ನೆರಡು ಮಂದಿ ಸೇರುವುದರೊಳಗೆ ರೋಲಿನ ಬೆಲೆ ಮತ್ತೆ ಏರಿರುತ್ತದೆ. ಮೊನ್ನೆ ಅಶ್ವಿತ್ ಫೋನು ಮಾಡಿ, ಅಕ್ಕ, ಮುಂದಿನ ತಿಂಗಳಿಂದ ಇನ್ನೂ ನೂರು ಜಾಸ್ತಿಯಂತೆ, ಎರಡು ಮೂರು ತರಿಸಿಡ್ಲಾ ಎಂದು ಕೇಳಿದ.

ಅನಂತಮತಿಯಮ್ಮ ರೋಲ್ ಮಾಡುವವರನ್ನು, ತರುವವರನ್ನು, ಮಾರುವವರನ್ನು, ನಡುವೆ ಕೂತು ಚೀಟಿ ಅಂಟಿಸುವವರನ್ನು ಒಂದಷ್ಟು ಹೊತ್ತು ಝಾಡಿಸಿದರು. ಅಶ್ವಿತ್ ಹೂಂಗುಟ್ಟುತ್ತಾ ಕಾದ.

"ಮೂರು ತರಿಸು," ಎಂದರು ಕೊನೆಗೆ. "ಕಪ್ಪು ಬಿಳುಪು. ಬಿಲ್ಲು ಬೇಕು."